ರುಚಿ ನೋಡುತ್ತಿದ್ದ ನರ್ಸಮ್ಮ

ಮೊನ್ನೆ ಮೊಮ್ಮಗಳ ಜ್ವರಕ್ಕೆ ತಂದ ಔಷಧದ ಸೀಸೆಯ ಬಿರಡೆ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ನಂಜನಗೂಡಿನ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನನ್ನ ಜೊತೆಗಿದ್ದ ಹಿರಿಯ ನರ್ಸಮ್ಮ ನೆನಪಾದರು...

ನಾನು ಹೊಸ ನರ್ಸಾಗಿ ಕೆಲಸಕ್ಕೆ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಮಾತು ಕಡಿಮೆ. ಗಾಯಕ್ಕೆ ಕಟ್ಟುವ ಬಟ್ಟೆಯನ್ನು ನಾನು ಕುದಿಸಿ ತಂದರೂ ಬೆಳಕಿಗೆ ಹಿಡಿದು ನೋಡುವರು. ಕೈ ತೊಳೆದು ಬಂದರೆ ಉಗುರು ತೋರಿಸು ಎನ್ನುವರು. ನನ್ನ ಮೇಲೇಕೆ ಇಷ್ಟು ಅನುಮಾನ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಒಂದು ಬೆಳಿಗ್ಗೆ ಔಷಧದ ಕೋಣೆಯಲ್ಲಿ ಅವರು ಸೀಸೆಯಿಂದ ಏನನ್ನೋ ಬಾಯಿಗೆ ಹಾಕಿಕೊಂಡಿದ್ದನ್ನು ಕಂಡೆ. ನನ್ನನ್ನು ನೋಡಿ ತಟ್ಟನೆ ಬಿರಡೆ ಮುಚ್ಚಿದರು. ಮರುದಿನವೂ ಹಾಗೆಯೇ. ಔಷಧ ಬೆರೆಸಿಕೊಡುವ ಕಾಂಪೌಂಡರನಿಗೆ ಹೇಳಿದೆ.

"ನಂಗೂ ಗೊತ್ತು ಕಣಮ್ಮ. ಬ್ರಾಂದಿ ಸೀಸೇನೂ ಬರಿದಾಗ್ತಾ ಅದೆ. ನೀನೇ ಡಾಕ್ಟ್ರ ಕಿವಿಗ್ ಹಾಕು," ಎಂದ.

ಹಾಕಿದೆ.

ಡಾಕ್ಟರು ಕರೆದು ಕೇಳಿದಾಗ ನರ್ಸಮ್ಮ ಹೇಳಿದ್ದಿಷ್ಟೇ: "ರುಚಿ ನೋಡ್ತಿದ್ದೆ ಸ್ವಾಮಿ. ಚಳಿಜ್ವರದ ಕ್ವಿನೈನಿಗೆ ಯಾರೋ ನೀರು ಬೆರೆಸ್ತಾ ಅವ್ರೆ." ಡಾಕ್ಟರು ನಂಬಲಿಲ್ಲ. ನಾನೂ ನಂಬಲಿಲ್ಲ. ವಾರದೊಳಗೆ ಅವರನ್ನು ತಿ. ನರಸೀಪುರಕ್ಕೆ ವರ್ಗ ಮಾಡಿದರು. ಗಾಡಿ ಹತ್ತುವ ಮುಂಚೆ ನನ್ನ ಹತ್ತಿರ ಬಂದು, "ನನ್ನ ಮೇಲೆ ಕಣ್ಣಿಟ್ಟಂಗೇ ಆ ಸೀಸೆಗಳ ಮೇಲೂ ಕಣ್ಣಿಡವ್ವ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾಟಕವೆಂದುಕೊಂಡೆ...

ತಿಂಗಳ ಮೇಲೆ ಕವಲಂದೆಯ ರೈತನೊಬ್ಬ ಚಳಿಜ್ವರದ ಹೆಂಡತಿಯನ್ನು ತಂದು ಮಲಗಿಸಿದ. ಐದು ದಿನ ಔಷಧ ಕುಡಿಸಿದರೂ ಆಕೆಯ ನಡುಕ ನಿಲ್ಲಲಿಲ್ಲ.

"ಓದೊರ್ಸ ನಂಗ್ ಕೊಟ್ಟಿದ್ದು ನಾಲ್ಗೆ ಮೇಲೆ ಇಡಕ್ಕಾಗ್ದಷ್ಟು ಕಯಿ ಇತ್ತು ಕಣವ್ವಾ. ಇವ್ಳು ನೀರ್ ಕುಡ್ದಂಗ್ ಕುಡೀತಾವ್ಳೆ," ಎಂದ ಅವನು.

ನಾನು ಅಲ್ಲೇ ಸೀಸೆ ಎತ್ತಿ ಒಂದು ಗುಟುಕು ಕುಡಿದೆ. ಕಹಿಯ ಸುಳಿವೂ ಇರಲಿಲ್ಲ. ಸೀಸೆಯನ್ನು ಒಯ್ದು ಡಾಕ್ಟರ ಕೈಗಿತ್ತೆ. ಅವರೂ ಬಾಯಿಗಿಟ್ಟು ನೋಡಿ, ಔಷಧ ಬೆರೆಸುವ ಕಾಂಪೌಂಡರನ ಮನೆಗೆ ಆಳು ಕಳಿಸಿದರು. ಹುಡುಕಿದಾಗ ಅವನ ಟ್ರಂಕಿನಲ್ಲಿ ಕ್ವಿನೈನಿನ ಡಬ್ಬಗಳು ಸಿಕ್ಕವು. ಅವನ ಕೆಲಸ ಹೋಯಿತು. ಆ ಹೆಂಗಸು ಮಾತ್ರ ಉಳಿಯಲಿಲ್ಲ.

ನರ್ಸಮ್ಮನ ಕಾಲು ಹಿಡಿದು ತಪ್ಪಾಯಿತೆನ್ನಲು ನರಸೀಪುರಕ್ಕೆ ಗಾಡಿ ಕಟ್ಟಿಸಿಕೊಂಡು ಹೋದೆ. ಅಲ್ಲಿನ ಆಯಾ, "ಅದಿನೈದ್ ದಿವ್ಸ ಇದ್ರು ಕಣವ್ವಾ. ಆಮೇಕೆ ಕೆಲ್ಸ ಬುಟ್ಟು ಒಂಟೋದ್ರು. ಎಲ್ಲಿಗೆ ಅಂತ ಯೋಳ್ನಿಲ್ಲ," ಎಂದಳು.

ಬನ್ನೂರು, ಹೆಮ್ಮಿಗೆ... ಆ ಕಡೆಯಿಂದ ಯಾರು ಬಂದರೂ ವರ್ಷಗಟ್ಟಲೆ ವಿಚಾರಿಸಿದೆ. ಸುಳಿವು ಸಿಗಲಿಲ್ಲ. ಈಗ ನಾನು ಅವರ ಅಂದಿನ ವಯಸ್ಸನ್ನೂ ದಾಟಿದ್ದೇನೆ. ಅವರು ಇದ್ದಾರೆಂಬ ಆಸೆ ಉಳಿದಿಲ್ಲ. ಅವರಿಗೆ ಹೇಳಬೇಕಿದ್ದ ಮಾತನ್ನು ಇನ್ನಾರಿಗೆ ಹೇಳಲಿ?