ಟೋಪಿಯಲ್ಲಿ ಸೋಸಿದ ಪೆಟ್ರೋಲು

ಹಿಮದ ಮೇಲೆ ಓಡುವ ಸುನ್ನಾಳ ಮೋಟಾರು ಬಂಡಿಗೆ ವಯಸ್ಸಾಗಿತ್ತು. ಸೀಟಿಗೆ ಹಿಮಸಾರಂಗದ ತೊಗಲಿನ ತೇಪೆ ಬಿದ್ದಿತ್ತು.

"ಅಕ್ಕಾ, ಇದನ್ನ ಮ್ಯೂಸಿಯಮ್ಮಿಗೆ ಕೊಡೇ, ಪುಣ್ಯ ಬರ್ತದೆ," ಎಂದು ತಮ್ಮ ಯೊವ್ನ ಪ್ರತಿ ವಸಂತದಲ್ಲೂ ಕಿಚಾಯಿಸುತ್ತಿದ್ದ.

"ಜೊತೆಗೆ ನನ್ನನ್ನೂ ಕೊಟ್ಬಿಡು. ಆಮೇಲೆ ನಿಂಗೆ ಮಾಂಸದ ಸಾರು ಮಾಡಿ ಹಾಕೋರು ಯಾರು ನೋಡೋಣ."

ಗಂಡ ಹೆಯ್ಕಾ ತೀರಿಕೊಂಡ ಮೇಲೆ ಹಿಮಸಾರಂಗಗಳ ಮಂದೆ ಮಾರಿಬಿಡು ಎಂದವರೇ ಹೆಚ್ಚು. ಆಕೆ ಮಾರಲಿಲ್ಲ. ಅವನ ದಪ್ಪ ಉಣ್ಣೆಯ ಟೋಪಿಯನ್ನು ತಲೆಗೇರಿಸಿ ಮಂದೆಯ ಮುಂದೆ ನಡೆದಳು. ಆ ಟೋಪಿಯನ್ನು ಅವಳು ಒಗೆದದ್ದೇ ಇಲ್ಲ. ಅದರಲ್ಲಿ ಅವನ ಬೆವರು, ಒಲೆಯ ಹೊಗೆ ಎರಡೂ ಉಳಿದಿದ್ದವು.

ಆ ವರ್ಷ ಬಿಸಿಲು ಬೇಗ ಏರಿತು. ಬಸುರಿ ಸಾರಂಗಗಳು ಕಡಲ ಕಡೆಯ ಹುಲ್ಲುಗಾವಲಿನಲ್ಲೇ ಮರಿ ಹಾಕಬೇಕು, ನಡುವೆ ಹೊಳೆ. ಅದರ ಮಂಜುಗಡ್ಡೆ ದಡದಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ದಾಟದಿದ್ದರೆ ಮರಿಗಳು ಈಚೆ ದಡದಲ್ಲೇ ಹುಟ್ಟುತ್ತವೆ. ಆಮೇಲೆ ತುಂಬಿದ ಹೊಳೆಯಲ್ಲಿ ಆ ಎಳೆಯ ಕಾಲುಗಳು ಈಜಲಾರವು.

ಬೆಳಿಗ್ಗೆ ಹಿಮ ಇನ್ನೂ ಗಟ್ಟಿಯಿರುವಾಗಲೇ ಹೊರಟರು. ಗಂಟೆ ಕಟ್ಟಿದ ಪಳಗಿದ ಗಂಡು ಸಾರಂಗ ಸುನ್ನಾಳ ಬಂಡಿಯ ಹಿಂದೆ, ಮಂದೆ ಅದರ ಹಿಂದೆ, ಕೊನೆಯಲ್ಲಿ ಯೊವ್ನನ ಹೊಸ ಬಂಡಿ. ಹೊಳೆ ಕಾಣುವಷ್ಟರಲ್ಲಿ ಹಳೆಯ ಬಂಡಿ ಕೆಮ್ಮಿ ನಿಂತಿತು. ಹೊಸದು ಕೆಮ್ಮದೆಯೇ ನಿಂತಿತು.

"ಎರಡಕ್ಕೂ ಪೆಟ್ರೋಲು ಯಾವ ಕ್ಯಾನಿಂದು ಹಾಕ್ದೆ?"

"ನೀಲಿದು."

"ಅಯ್ಯೋ ಮಂಕೇ! ಹೋದ ವರ್ಷ ಮರಿಗಳ ಕಿವಿ ಕೊಯ್ದು ಗುರುತು ಮಾಡೋವಾಗ ಕಾಫಿಗೆ ನೀರು ತುಂಬಿದ್ದು ಅದರಲ್ಲೇ ಅಲ್ವೇನೋ?"

"ಬಗ್ಗಿಸಿ ಚೆಲ್ಲಿದ್ದೆ ಕಣೇ..."

"ಚೆಲ್ಲಿದ್ನಂತೆ!"

ನಮ್ಮ ಜನ ಔಷಧಿ ಮರೆತು ಹೊರಟಾರು, ಕಾಫಿ ಮರೆಯಲಾರರು. ತಳದಲ್ಲಿ ಉಳಿದ ಆ ಕಾಫಿ ನೀರೇ ಪೆಟ್ರೋಲಿನೊಳಗೆ ಹೋಗಿ, ಕೊಳವೆಯಲ್ಲಿ ಹೆಪ್ಪುಗಟ್ಟಿ ಕೂತಿತ್ತು. ಯೊವ್ನನ ಬಂಡಿಯನ್ನು ಪೇಟೆಯ ಕಂಪ್ಯೂಟರಿಲ್ಲದೆ ಬಿಚ್ಚುವಂತಿರಲಿಲ್ಲ.

"ಬಿಡಕ್ಕಾ, ನಾಳೆ ಯಾರಾದ್ರೂ ಬರ್ತಾರೆ."

"ನಾಳೆವರೆಗೆ ಕಾಯೋಕೆ ಹೊಳೆ ಏನು ನಿನ್ನ ಮಾವನ ಮನೆಯೇ? ಸ್ಪ್ಯಾನರ್ ಕೊಡು ಇಲ್ಲಿ."

ತನ್ನ ಬಂಡಿಯ ಟ್ಯಾಂಕಿನಲ್ಲಿದ್ದುದನ್ನೆಲ್ಲ ಒಣಗಿದ ಇನ್ನೊಂದು ಕ್ಯಾನಿಗೆ ಇಳಿಸಿ ಹಿಮದಲ್ಲಿ ಹೂತಿಟ್ಟಳು. ನೀರು ತಳಕ್ಕಿಳಿದು ಹರಳುಗಟ್ಟಲಿ ಎಂದು. ಕೊಳವೆಯನ್ನು ಬಿಚ್ಚಿ, ಒಳಗಿನ ಗಡ್ಡೆ ಕರಗಲು ಕಂಕುಳಲ್ಲಿ ಇಟ್ಟುಕೊಂಡಳು. ಹಲ್ಲು ಕಚ್ಚಿದಳು. ಚಳಿ ತಡೆಯಲೆಂದು ಪಾದರಕ್ಷೆಯೊಳಗೆ ತುರುಕಿದ್ದ ಒಣಹುಲ್ಲನ್ನು ಕಿತ್ತು ಕಾರ್ಬ್ಯುರೇಟರಿನ ಬಟ್ಟಲನ್ನು ಒರೆಸಿದಳು. ಬಿಸಿಲು ಏರುತ್ತಿತ್ತು. ಮಂದೆಯ ಅಂಚಿನಲ್ಲಿ ಒಂದು ಹೆಣ್ಣು ಸಾರಂಗ ನೋವಿನಲ್ಲಿ ಮಲಗುತ್ತಾ ಏಳುತ್ತಾ ಒದ್ದಾಡುತ್ತಿತ್ತು.

ಕೊಳವೆ ಮತ್ತೆ ಜೋಡಿಸಿದ್ದಾಯಿತು, ಇನ್ನು ಪೆಟ್ರೋಲು ಸೋಸಬೇಕು. ಯೊವ್ನ ಕರವಸ್ತ್ರ ಕೊಟ್ಟ. ಅದರ ಎಳೆಗಳ ನಡುವೆ ಬೆಳಕು ಕಾಣುತ್ತಿತ್ತು, ಸಣ್ಣ ಹರಳು ನಿಲ್ಲುವಂತಿರಲಿಲ್ಲ. ಸುನ್ನಾ ತಲೆಯ ಮೇಲೆ ಕೈಯಿಟ್ಟಳು.

"ಅದು ಬೇಡ ಅಕ್ಕಾ. ಭಾವನದು."

ಅವಳಿಗೆ ಅಳು ಬಂತು. ಟೋಪಿಯನ್ನು ಮುಖಕ್ಕೊತ್ತಿ ಒಮ್ಮೆ ಉಸಿರೆಳೆದುಕೊಂಡಳು. ಆಮೇಲೆ ಅದನ್ನು ಮಗುಚಿ ಟ್ಯಾಂಕಿನ ಬಾಯಿಗೆ ಹಿಡಿದು, "ಹುಯ್ಯಿ. ನಿಧಾನ. ತಳ ಕದಡಬೇಡ," ಎಂದಳು.

ಟೋಪಿಯೊಳಗೆ ಮಂಜಿನ ಹರಳು ಉಳಿದವು. ಹಗ್ಗ ಎಳೆದಳು, ಮತ್ತೆ ಎಳೆದಳು, ಅಂಗೈ ಸುಲಿಯುವವರೆಗೆ ಎಳೆದಳು. ಮುದಿ ಬಂಡಿ ಕೆಮ್ಮಿ, ಉಗುಳಿ, ಕೊನೆಗೂ ಗುಡುಗಿತು.

ಗಂಟೆಯ ಸದ್ದಿನ ಹಿಂದೆ ಮಂದೆ ಹೊಳೆಗಿಳಿಯಿತು. ಕಾಲಡಿಯಲ್ಲಿ ಮಂಜುಗಡ್ಡೆ ನರಳಿತು, ಮುರಿಯಲಿಲ್ಲ. ಕೊನೆಯಲ್ಲಿ ಯೊವ್ನ ತನ್ನ ಬಂಡಿಯನ್ನು ಈಚೆ ದಡದಲ್ಲೇ ಬಿಟ್ಟು, ಆ ಒದ್ದಾಡುತ್ತಿದ್ದ ಹೆಣ್ಣನ್ನು ನೂಕುತ್ತಾ ನಡೆದು ಬಂದ. ಆಚೆ ದಡ ಹತ್ತಿದ್ದೇ ತಡ, ಅದು ಮಲಗಿ ಮರಿ ಹಾಕಿತು. ತಾಯಿ ನೆಕ್ಕುತ್ತಿದ್ದಂತೆ ಮರಿ ಕಾಲು ಊರಿತು.

ಸುನ್ನಾ ಟೋಪಿಯನ್ನು ಹಿಂಡಿ, ಕೊಡವಿ, ಗಾಳಿಗೆ ಹಿಡಿದು ಆರಿಸಿ ಹಾಕಿಕೊಂಡಳು. ಹೆಯ್ಕಾ ಅದರಲ್ಲಿ ಇನ್ನಿರಲಿಲ್ಲ.

"ಪೆಟ್ರೋಲು ನಾರ್ತದೆ ಅಕ್ಕಾ," ಎಂದ ಯೊವ್ನ ಮೆಲ್ಲಗೆ.

"ನಾರಲಿ ಬಿಡು. ಈ ಮಂದೇನ ದಾಟಿಸೋಕೇ ಅಲ್ವೇನೋ ನಿನ್ನ ಭಾವ ಈ ಟೋಪಿ ಹಾಕ್ಕೊಂಡು ತಿರುಗಿದ್ದು?"