ದೆವ್ವದ ಸಿನಿಮಾದಲ್ಲಿ ಅವ್ವ ಆಡಿದ ಮಾತು

ನಮ್ಮವ್ವ ಒಂದು ಸಿನಿಮಾದಲ್ಲಿ ಮಾತಾಡಿದ್ದಾಳೆ. ಇದನ್ನು ಎಷ್ಟೋ ವರ್ಷ ಯಾರೂ ನಂಬಲಿಲ್ಲ. ನಿಜ ಹೇಳಬೇಕೆಂದರೆ, ನಾನೂ ಅರ್ಧ ಮಾತ್ರ ನಂಬಿದ್ದೆ.

ಆಗ ನಾವಿದ್ದದ್ದು ಸತ್ತೇಗಾಲದಲ್ಲಿ. ಹೊಳೆ ಕಡೆಯ ಬಯಲಿನಲ್ಲಿ ದೆವ್ವದ ಹಾಸ್ಯಚಿತ್ರವೊಂದರ ಶೂಟಿಂಗ್ ನಡೆಯಿತು. ತನ್ನ ತಿಥಿ ಊಟಕ್ಕೆ ಉಪ್ಪು ಸಾಲದೆಂದು ಜಗಳಕ್ಕೆ ಬರುವ ದೆವ್ವದ ಕಥೆ. ದೆವ್ವ ಕಂಡೊಡನೆ ಊರವರೆಲ್ಲ ಓಡಬೇಕು. ಎಮ್ಮೆ ಹಿಡಿದು ನೋಡುತ್ತಾ ನಿಂತಿದ್ದ ಅವ್ವನನ್ನೂ ಗುಂಪಿಗೆ ಸೇರಿಸಿದರು. ಅವ್ವ ಎಲ್ಲರ ಜೊತೆ ಓಡಿದವಳು ಅರ್ಧದಿಂದ ತಿರುಗಿ ಬಂದು ಎಮ್ಮೆಯ ಹಗ್ಗ ಹಿಡಿದು, "ನೀ ಯಾರಾನಾ ಆಗು, ನನ್ನೆಮ್ಮೆ ತಂಟೆಗೆ ಬರ್ಬ್ಯಾಡ" ಎಂದು ದೆವ್ವವನ್ನೇ ಗದರಿದಳಂತೆ. ಯಾರೂ ಹೇಳಿಕೊಟ್ಟ ಮಾತಲ್ಲ. ನಿರ್ದೇಶಕರು ನಕ್ಕು, ಇದು ಇರಲಿ ಅಂದರಂತೆ.

ಚಿತ್ರ ಕೊಳ್ಳೇಗಾಲದ ಟಾಕೀಸಿಗೆ ಬಂದಾಗ ಅವ್ವ ತವರಿನಲ್ಲಿ ಬಾಣಂತಿ. ಎಷ್ಟೋ ವರ್ಷದ ಮೇಲೆ ಅದರ ಸಿ.ಡಿ. ಬಂತು. ಕೊಳ್ಳೇಗಾಲದಲ್ಲಿ ಸಿಗದೆ ಯಳಂದೂರಿನ ಅಂಗಡಿಯಿಂದ ನಾನೇ ತಂದೆ. ಅದರಲ್ಲಿ ದೆವ್ವ ಬರುವ ರಾತ್ರಿಯ ದೃಶ್ಯ ರೊಟ್ಟಿ ಹಂಚಿನ ತಳದ ಹಾಗೆ ಕಪ್ಪು. ದೆವ್ವದ ಬಿಳಿ ಪಂಚೆಯೊಂದು ಅತ್ತಿತ್ತ ಆಡುತ್ತಿತ್ತು. ಮಾತೆಲ್ಲ ಬಾವಿಯೊಳಗಿಂದ ಬಂದಂತೆ. ಹನೂರಿಗೆ ಕೊಟ್ಟಿರುವ ನನ್ನ ಸೋದರತ್ತೆಗೆ ಅಷ್ಟು ಸಾಕಾಯಿತು.

"ಅಲ್ಲ ಅತ್ಗೆ, ದೆವ್ವಾನೇ ಕಂಡ್ತು, ನೀನ್ ಕಾಣ್ನಿಲ್ವಲ್ಲ!"

ಮದುವೆಯಿರಲಿ, ನಾಮಕರಣವಿರಲಿ, ಹತ್ತು ಜನ ಸೇರಿದ ಕಡೆಯೆಲ್ಲ ಅತ್ತೆ ಇದನ್ನೇ ಹೇಳಿ ನಗಿಸುವಳು. ಅವ್ವನೂ ನಗುವಳು. ಆದರೆ ಬರಬರುತ್ತಾ ಆ ಸಿನಿಮಾದ ಮಾತನ್ನೇ ಎತ್ತುವುದು ಬಿಟ್ಟಳು. ನಡೆದದ್ದನ್ನೇ ಹೇಳಿದವಳು ಸುಳ್ಳುಗಾತಿಯಾಗಿ ಉಳಿದಳಲ್ಲ ಎಂದು ನನಗೆ ಸಂಕಟ.

ಹೋದ ವರ್ಷ ಅದೇ ಚಿತ್ರವನ್ನು ಶುಚಿ ಮಾಡಿ, ಐದು ಸ್ಪೀಕರಿನ ಶಬ್ದ ಕೂಡಿಸಿ ಹೊಸ ಡಿಸ್ಕ್ ತಂದರು. ನಾನು ಕೊಳ್ಳೇಗಾಲದಲ್ಲಿ ಮೋಟಾರ್ ವೈಂಡಿಂಗ್ ಮಾಡುವವನು. ಮನೆಯಲ್ಲಿ ಹಳೆಯದೊಂದು ಹೋಮ್ ಥಿಯೇಟರ್ ಇದೆ. ಮೈಸೂರಿಂದ ಡಿಸ್ಕ್ ತರಿಸಿದೆ. ಸೀರೆ ಕೊಳ್ಳಲು ಬಂದಿದ್ದ ಅತ್ತೆಯನ್ನು ಮಧ್ಯಾಹ್ನ ಊಟವಾದ ಮೇಲೆ ಬೇಕೆಂದೇ ಕೂರಿಸಿದೆ.

ಚಿತ್ರ ಒಗೆದು ಇಸ್ತ್ರಿ ಮಾಡಿದ ಬಟ್ಟೆಯಂತಿತ್ತು. ಹುಲ್ಲಿನ ಎಳೆ ಎಳೆ ಕಂಡಿತು. ದೆವ್ವದ ಕೈಯಲ್ಲಿ ವಾಚು ಕಟ್ಟಿದ ಗುರುತೂ ಕಂಡಿತು. ಆಮೇಲೆ ಎಮ್ಮೆ. ಅದರ ಹಗ್ಗ ಹಿಡಿದ ಹೆಂಗಸು, ನಮಗೆ ಬೆನ್ನು ಹಾಕಿ. ಗಾಳಿ, ಗೆಜ್ಜೆ, ತಮಟೆ ಎಲ್ಲ ನಮ್ಮ ಹಿಂದೆಯೇ ಇದ್ದಂತೆ ಕೇಳಿತು. ಆದರೆ ಒಬ್ಬರ ಮಾತೂ ಕಿವಿಗೆ ಬೀಳಲಿಲ್ಲ.

"ಎಮ್ಮೆ ಮೊಕ ಚೆಂದಾಗಿ ಕಾಣ್ತದೆ ಅತ್ಗೆ," ಅಂದಳು ಅತ್ತೆ. "ಆ ಬೆನ್ನು ಯಾರ್ದಾದ್ರೂ ಆಯ್ತದೆ ಬುಡು."

"ನಾನೇ ಕಣಮ್ಮಿ. ಬಾಯ್ಬುಟ್ಟು ಗದರಿವ್ನಿ."

"ಎಮ್ಮೆ ಕಿವೀಲಿ ಗದರಿದ್ಯೇನೋ!"

ಈ ಸಲ ಅವ್ವ ನಗಲಿಲ್ಲ. ಎದ್ದು ಅಡುಗೆಮನೆಗೆ ಹೋದಳು.

ನಾನು ಹೋಮ್ ಥಿಯೇಟರಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ತೆಗೆದೆ. ಮೂವತ್ತೆಂಟನೆಯ ವಯಸ್ಸಿಗೆ ಹತ್ತನೇ ತರಗತಿ ಪಾಸಾದವನು ನಾನು. ಇಂಗ್ಲಿಷನ್ನು ಈಗಲೂ ಅಕ್ಷರ ಅಕ್ಷರ ಕೂಡಿಸಿ ಓದುತ್ತೇನೆ. ಬೆರಳಿಟ್ಟು ಓದಿದೆ. ಐದು ಸ್ಪೀಕರಿನ ಡಿಸ್ಕಿನಲ್ಲಿ ಮಾತೆಲ್ಲ ಬರುವುದು ನಡುವಿನ ಸ್ಪೀಕರ್ ಡಬ್ಬದಲ್ಲಿ ಎಂದಿತ್ತು. ನಮ್ಮ ನಡುವಿನ ಡಬ್ಬ ಅಟ್ಟದ ಮೇಲೆ ಬಟ್ಟೆ ಸುತ್ತಿಕೊಂಡು ಮಲಗಿತ್ತು! ಟಿ.ವಿ. ಕೆಳಗಿನ ಗೂಡಿನಲ್ಲಿ ಮಲೆ ಮಾದಪ್ಪನ ಪಟ, ಅದರ ಮುಂದೆ ದೀಪ. ಅಲ್ಲಿ ಕಿರುಚುವ ಡಬ್ಬ ಇಡಬೇಡವೆಂದು ಅವ್ವನೇ ತಡೆದಿದ್ದಳು. ನಾಲ್ಕರಲ್ಲೇ ಇಷ್ಟು ಶಬ್ದ ಬರುತ್ತದಲ್ಲ, ಐದನೆಯದು ಯಾಕೆ ಎಂದು ನಾನೂ ಸುಮ್ಮನಾಗಿದ್ದೆ. ಒಂದು ತಂತಿ ತಪ್ಪಿದರೆ ಮೋಟಾರೇ ತಿರುಗುವುದಿಲ್ಲ ಎಂದು ದಿನವೂ ಜನಕ್ಕೆ ಹೇಳುವವನು!

ಅಡುಗೆಮನೆಯ ಬಾಗಿಲಲ್ಲಿ ನಿಂತು ಹೇಳಿದೆ. "ಅವ್ವಾ, ನಿನ್ ಮಾತು ಅಟ್ಟದ್ ಮ್ಯಾಲಿರೋ ಡಬ್ಬದಲ್ಲಿ ಬರಾದು. ವೈರು ಗಿಡ್ಡ, ಗೂಡಲ್ಲೇ ಇಡ್ಬೇಕು. ಏನ್ಮಾಡನ?"

ಅವ್ವ ಒಂದು ಗಳಿಗೆ ಗೂಡು ನೋಡಿದಳು. ಕೈತೊಳೆದು ಬಂದು, ಕೈಮುಗಿದು, ತಾನೇ ಪಟ ಎತ್ತಿ ಎದುರು ಗೋಡೆಯ ಎತ್ತರದ ಮೊಳೆಗೆ ಸಿಕ್ಕಿಸಿದಳು.

"ಮಾದಪ್ಪ ಬೆಟ್ಟದೋನು. ಮ್ಯಾಲಿದ್ರೇ ಅವನ್ಗೂ ಚೆಂದ. ತಾ ಇತ್ಲಾಗೆ ಡಬ್ಬವ."

ತಂತಿ ಸಿಕ್ಕಿಸಿ ಮತ್ತೆ ಹಾಕಿದೆ. ದೆವ್ವ ಉಪ್ಪು ಕೇಳಿದ್ದು ಮನೆಯ ನಡುವೆಯೇ ಕೇಳಿತು. ಜನ ಓಡಿದರು. ಎಮ್ಮೆ ಬುಸುಗುಟ್ಟಿತು. ಆಮೇಲೆ, ಗಂಟಲು ಎಳೆಯದು, ಗತ್ತು ಇವತ್ತಿನದೇ: "ನೀ ಯಾರಾನಾ ಆಗು, ನನ್ನೆಮ್ಮೆ ತಂಟೆಗೆ ಬರ್ಬ್ಯಾಡ!"

ಅತ್ತೆ ಟಿ.ವಿ. ಬಿಟ್ಟು ಅವ್ವನನ್ನು ನೋಡಿದಳು.

"ಅಯ್ಯಯ್ಯೋ, ಅತ್ಗೆನೇ ಕಣ್ಲಾ! ನನ್ ಮದ್ವೇಲಿ ಅಡ್ಗೆಯೋನ್ನ ಇಂಗೇ ಗದರಿದ್ಲು. ಸೌಟು ಬುಟ್ಟು ಓಡೋಗಿದ್ದ!"

"ಅನ್ನ ಸೀಯಿಸಿದ್ದ, ಗದರ್ದೆ ಇನ್ನೇನು?" ಅಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, "ಇನ್ನೊಂದ್ಸಲ ಆಕು ಮಗ."

ನಾಲ್ಕು ಸಲ ಹಾಕಿದೆ. ಐದನೆಯ ಸಲಕ್ಕೆ ಅತ್ತೆ ರಿಮೋಟ್ ಕಿತ್ತುಕೊಂಡು ಶಬ್ದ ಏರಿಸಿದಳು. ಎದ್ದು ಬೀದಿ ಬಾಗಿಲನ್ನು ಪೂರ್ತಿ ತೆರೆದು ಕೂಗಿದಳು: "ಬನ್ರವ್ವೋ, ನಮ್ಮತ್ಗೆ ದೆವ್ವುಕ್ಕೆ ಬೈಯೋದ ಕೇಳೋರೆಲ್ಲ ಬನ್ನಿ!"

ಬಂದವರಿಗೆ ಅತ್ತೆಯೇ ಚಾಪೆ ಹಾಸಿದಳು. ಅವ್ವ ಸೆರಗು ಸರಿಮಾಡಿಕೊಂಡು ಟಿ.ವಿ. ಪಕ್ಕದಲ್ಲಿ ನಿಂತಳು. ಚಿತ್ರದ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ. ಕೇಳುತ್ತಿದ್ದವರ ಮುಖಗಳನ್ನೇ ಒಂದೊಂದಾಗಿ ನೋಡುತ್ತಿದ್ದಳು.