ರುಮಾಲಿನ ಕೆಳಗಿನ ಕೈ

ಅರಿಶಿನದ ಸೀಜನ್ನು ಹತ್ತಿರ ಬಂತೆಂದರೆ ನನಗೆ ನಿಂತಲ್ಲಿ ನಿಲ್ಲಲಾಗುವುದಿಲ್ಲ. ಆ ವರ್ಷವಂತೂ ಊರೇ ಹಾಗಿತ್ತು. ಮೀರಜಿನಿಂದ ಸಾಂಗ್ಲಿಯವರೆಗೆ ರಸ್ತೆಯುದ್ದಕ್ಕೂ ಹೊಲಗಳು ಹೋಗಿ ಬಂಗಲೆಗಳು ಎದ್ದಿದ್ದವು, ಮೂಲೆಗೊಂದು ಎಸ್‌ಟಿಡಿ ಬೂತು, ಮನೆ ಮನೆಗೂ ಕೇಬಲ್ಲು. ಪೇಟೆಯವರೆಲ್ಲ ಹೊಸ ಸ್ಕೂಟರು ಕೊಳ್ಳುತ್ತಿದ್ದರು. ನಾನು ಅಪ್ಪನ ಅಂಗಡಿ ನಡೆಸಲು ಹೊರಟಿದ್ದೆ!

ಹಿಂದಿನ ವರ್ಷ ಅಪ್ಪ ತೀರಿಕೊಂಡಿದ್ದರು. ಸಾಂಗ್ಲಿ ಪೇಟೆಯಲ್ಲಿ ನಮ್ಮದು ಅಡತಿ ಅಂಗಡಿ. ಮ್ಹೈಸಾಳ, ಸಲಗರೆ ಕಡೆಯ ರೈತರು ತಂದ ಅರಿಶಿನವನ್ನು ವ್ಯಾಪಾರಿಗಳಿಗೆ ಮಾರಿಸಿಕೊಡುವ ಕೆಲಸ. ನಾನು ಒಬ್ಬಳೇ ಮಗಳು. ಅಂಗಡಿ ಬೇರೆಯವರಿಗೆ ಕೊಟ್ಟುಬಿಡಿ ಎಂದು ಬಂಧುಗಳೆಲ್ಲ ಅಮ್ಮನ ಕಿವಿ ಕಚ್ಚುತ್ತಿದ್ದರು. ಒಂದು ಸೀಜನ್ ನೋಡೋಣ ಎಂದು ನಾನು ಹಟ ಹಿಡಿದೆ.

ತೊಡಕಿದ್ದದ್ದು ನನ್ನ ಬಲಗೈಯಲ್ಲಿ. ಅರಿಶಿನದ ವ್ಯವಹಾರದಲ್ಲಿ ಬಾಯಿಗೆ ಕೆಲಸವಿಲ್ಲ. ರಾಶಿಯ ಮುಂದೆ ವ್ಯಾಪಾರಿ, ಅಡತಿಯವನು ಇಬ್ಬರೂ ಒಂದು ರುಮಾಲಿನ ಕೆಳಗೆ ಕೈ ಸೇರಿಸುತ್ತಾರೆ. ವ್ಯಾಪಾರಿ ಎಷ್ಟು ಬೆರಳು ಹಿಡಿದು ಒತ್ತುತ್ತಾನೋ ಅದೇ ಭಾವ, ಅವನು ಕೊಡುವ ದರ. ಸುತ್ತ ನಿಂತವರಿಗೆ ಸುಳಿವೂ ಹತ್ತುವುದಿಲ್ಲ. ನನ್ನ ಬೆರಳ ತುದಿಗಳಿಗೋ ಸ್ಪರ್ಶವೇ ತಿಳಿಯುತ್ತಿರಲಿಲ್ಲ.

ಅದು ಅಪ್ಪನನ್ನು ಮಣ್ಣು ಮಾಡಿದ ದಿನ ಶುರುವಾದದ್ದು. ಎಲ್ಲರಂತೆ ನಾನೂ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ಹಾಕಲು ಹೋದರೆ ಮುಷ್ಟಿ ಬಿಚ್ಚಲೇ ಇಲ್ಲ. ಸೋದರತ್ತೆ ಬಂದು ಒಂದೊಂದೇ ಬೆರಳು ಬಿಡಿಸಿದರು. ಕಣ್ಣಲ್ಲಿ ಒಂದು ಹನಿ ನೀರು ಬರಲಿಲ್ಲ. ‘ಪೋರಿ ಭಾಳ ಗಟ್ಟಿ’ ಎಂದು ಜನ ಹೊಗಳಿದರು, ನಾನೂ ಉಬ್ಬಿದೆ. ಆಮೇಲೆ ಬೆರಳುಗಳು ಅರ್ಧ ಮಡಚಿಕೊಂಡೇ ಉಳಿದವು. ಮೀರಜಿನ ಡಾಕ್ಟರುಗಳು ಎಕ್ಸರೇ ತೆಗೆದು, ಏನೂ ಇಲ್ಲ ಎಂದರು. ಏನೂ ಇಲ್ಲದಿದ್ದರೆ ಕೈ ಯಾಕೆ ಹೀಗಿದೆ ಎಂದು ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ವ್ಯಾಯಾಮ ಹೇಳಿಕೊಡುವ ಒಬ್ಬ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಲಿಂಗನೂರಿನ ಕಡೆಯವಳು, ನನಗಿಂತ ಚಿಕ್ಕವಳು.

‘ಅಕ್ಕಾರ, ಮುಷ್ಟಿ ಬಿಚ್ಚಲಾಕ ಹೋಗಬ್ಯಾಡ್ರಿ,’ ಎಂದಳು. ‘ಕಣ್ಣ ಮುಚ್ಚಿ ಕುಂದ್ರಿ. ಈ ಬಿಗಿ ಮೈಯಾಗ ಎಲ್ಲಿಂದ ಸುರು ಆಗೇತಿ, ಅಷ್ಟ ನೋಡ್ರಿ.’

ಇದೆಂಥ ಔಷಧ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಆದರೂ ಕೂತೆ. ಕೂತರೆ ಬಿಗಿ ಬೆರಳಲ್ಲಿ ಇರಲೇ ಇಲ್ಲ! ಮೊಣಕೈ ದಾಟಿ ಹೆಗಲಿಗೆ ಹೋಯಿತು, ಅಲ್ಲಿಂದ ದವಡೆಗೆ. ವರ್ಷವಿಡೀ ನಾನು ಹಲ್ಲು ಕಚ್ಚಿಕೊಂಡೇ ಬದುಕಿದ್ದೆ. ಉಸಿರು ಪಕ್ಕೆಲುಬಿನವರೆಗೆ ಇಳಿದು ಅಲ್ಲೇ ನಿಂತುಬಿಡುತ್ತಿತ್ತು, ಕೆಳಗೆ ಹೋಗಲು ಹೆದರಿದಂತೆ. ನನ್ನ ಮೈಯಲ್ಲೇ ಇಷ್ಟೆಲ್ಲ ನಡೆದಿದೆ, ನನಗೇ ಗೊತ್ತಿಲ್ಲ!

ಅಲ್ಲಿಂದ ಅದೇ ಹುಚ್ಚು ಹಿಡಿಯಿತು. ಸಾಂಗ್ಲಿಗೆ ಹೋಗುವ ಬಸ್ಸಿನಲ್ಲಿ ದವಡೆ ಸಡಿಲಿಸುವುದು, ಉಸಿರು ಬಿಡುವುದು. ಪಕ್ಕದ ಸೀಟಿನ ಅಜ್ಜಿ ‘ಹಲ್ಲ ನೋಯಾಕತ್ತಾವೇನ ಮಗಳ?’ ಎಂದು ಲವಂಗ ಕೊಟ್ಟಳು. ಒಂದು ದಿನ ವಿಶ್ರಾಮಬಾಗ್ ದಾಟುವಾಗ, ಹಿಡಿದುಕೊಂಡ ಕಂಬಿ ತಣ್ಣಗೆ ತಾಗಿತು. ಬಲಗೈಯ ಬೆರಳಿಗೆ! ನಾನು ಕೂಗಿದ ಕೂಗಿಗೆ ಕಂಡಕ್ಟರು ಬಸ್ಸು ನಿಲ್ಲಿಸಿಬಿಟ್ಟ.

ಹರಾಜು ಸವಾಲಿನ ದಿನ ಬಂತು. ನಮ್ಮ ರಾಶಿಯ ಮುಂದೆ ವ್ಯಾಪಾರಿಗಳು ನೆರೆದರು, ಕೈ ಮಾತ್ರ ಯಾರೂ ಚಾಚಲಿಲ್ಲ. ಹೆಣ್ಣಿನ ಕೈ ರುಮಾಲಿನ ಕೆಳಗೆ ಹಿಡಿಯುವುದು ಹೇಗೆ? ಒಬ್ಬ ಅರಿಶಿನ ಮುರಿದು ನೋಡಿದ, ಇನ್ನೊಬ್ಬ ಆಕಾಶ ನೋಡಿದ. ಮ್ಹೈಸಾಳದ ರೈತ ನನ್ನ ಮುಖವನ್ನೇ ನೋಡುತ್ತಿದ್ದ. ನನ್ನ ದವಡೆ ಮತ್ತೆ ಬಿಗಿಯತೊಡಗಿತು.

ಅಷ್ಟರಲ್ಲಿ ಕಾಕಾ ಮುಂದೆ ಬಂದರು. ಅಪ್ಪನ ಗೆಳೆಯರು, ಜೈನ ವ್ಯಾಪಾರಿ.

‘ಯಾಕ್ರೋ, ಈಕಿ ನಮ್ಮ ಕೂಸ ಅಲ್ಲೇನು? ಬಾರವ್ವಾ, ಕೈ ಕೊಡ.’

ರುಮಾಲು ಇಳಿಯಿತು. ಒರಟು ಕೈ, ಅರಿಶಿನದ ಧೂಳು, ಅಪ್ಪನ ಕೈಯಂಥದೇ ಬಿಸಿ. ಅವರು ಒತ್ತಿದ್ದು ಮೊದಲು ತಿಳಿಯಲಿಲ್ಲ. ದವಡೆ ಸಡಿಲಿಸಿದೆ, ಉಸಿರು ಬಿಟ್ಟೆ. ಉಸಿರು ಈ ಸಲ ಪಕ್ಕೆಲುಬು ದಾಟಿ ಹೊಟ್ಟೆಯ ತಳಕ್ಕೆ ಇಳಿಯಿತು. ಬೆರಳು ಬಿಚ್ಚಿಕೊಂಡವು. ಕಾಕಾ ಒತ್ತಿದ ಬೆರಳು ಒಂದು, ಎರಡು, ಮೂರು, ಸ್ಪಷ್ಟವಾಗಿ ತಿಳಿಯಿತು. ಅದರ ಹಿಂದೆಯೇ ಅಳು ನುಗ್ಗಿ ಬಂತು. ನಡು ಪೇಟೆಯಲ್ಲಿ, ಅಷ್ಟು ಗಂಡಸರ ಮುಂದೆ, ಬಾಯಿ ಬಿಟ್ಟು ಗೊಳೋ ಎಂದು ಅತ್ತೆ. ನಾಚಿಕೆಯಾಗಲಿಲ್ಲ. ಮೈಯೆಲ್ಲ ಹಗುರಾಗುತ್ತಿತ್ತು, ಕುಣಿಯಬೇಕು ಎನ್ನುವಷ್ಟು.

ಅಳುತ್ತಲೇ ಒಲ್ಲೆನೆಂದು ತಲೆಯಾಡಿಸಿದೆ. ಆ ಭಾವಕ್ಕೆ ನಾನು ಕೊಡುವವಳಲ್ಲ.

ಕಾಕಾ ಕೈ ಬಿಡಲಿಲ್ಲ.

‘ಕಾಕಾ, ಅಪ್ಪಾ ಸತ್ತಾರ್ರಿ,’ ಎಂದೆ, ಅವರಿಗೆ ಆವತ್ತೇ ಸುದ್ದಿ ಮುಟ್ಟಿಸುವವಳ ಹಾಗೆ.

‘ಹೌದವ್ವಾ, ಹೋಗ್ಯಾನ,’ ಎಂದರು ಕಾಕಾ, ಕಣ್ಣೊರೆಸಿಕೊಂಡು. ಆಮೇಲೆ ಇನ್ನೊಂದು ಬೆರಳು ಒತ್ತಿದರು.